ಚೀಸ್ ಹಲಗೆಗೆ ಮೂರು ಸಾಕು

ಎಂಟು ಜನ ಅತಿಥಿಗಳಿಗೆ ಚೀಸ್ ಬೋರ್ಡ್ ಜೋಡಿಸಬೇಕೆಂದರೆ ಬೇಕಾಗುವುದು ಮೂರು ಬಗೆಯ ಚೀಸ್, ಎಲ್ಲ ಸೇರಿ ಸುಮಾರು 400 ಗ್ರಾಂ ತೂಕ, ಒಂದು ಒಳ್ಳೆಯ ಬ್ರೆಡ್ಡು, ಒಂದೆರಡು ಹಣ್ಣು, ಮತ್ತು ಫ್ರಿಜ್ಜಿನಿಂದ ಹೊರತೆಗೆದ ಮೇಲೆ ಅರ್ಧ ಮುಕ್ಕಾಲು ಗಂಟೆ ಕಾಯುವ ತಾಳ್ಮೆ. ಇಷ್ಟೇ ಎಂದರೆ ಅನೇಕರಿಗೆ ನಂಬಿಕೆ ಬರುವುದಿಲ್ಲ. ಫೋನಿನ ಪರದೆಯಲ್ಲಿ ಕಾಣುವ ಚೀಸ್ ಬೋರ್ಡುಗಳೆಲ್ಲ ಜಾತ್ರೆಯ ಅಂಗಡಿಯಂತೆ ತುಂಬಿ ತುಳುಕುತ್ತಿರುತ್ತವೆ: ಹತ್ತು ಹನ್ನೆರಡು ಬಗೆಯ ಚೀಸಿನ ಚೂರುಗಳು, ನಡುನಡುವೆ ಬಿಸ್ಕತ್ತು, ಒಣಹಣ್ಣು, ಚಾಕೊಲೇಟು, ಕೆಳಗಿನ ಮರವೇ ಕಾಣದಷ್ಟು ಸಾಮಾನು. ಅದನ್ನು ಮಾದರಿಯೆಂದು ನಂಬಿದವರು ಖರ್ಚಿಗೆ ಹೆದರಿ ಆಸೆಯನ್ನೇ ಬಿಡುತ್ತಾರೆ, ಇಲ್ಲವೇ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಗುಡ್ಡೆ ಹಾಕುತ್ತಾರೆ. ಈ ಹಲಗೆಯ ಮೂಲ ಊರುಗಳಲ್ಲಿ ಪದ್ಧತಿ ಹೀಗಿಲ್ಲ. ಫ್ರಾನ್ಸಿನಲ್ಲಿ ಮುಖ್ಯ ಊಟ ಮುಗಿದು ಸಿಹಿ ಬರುವ ಮುನ್ನ ಚೀಸಿನ ತಟ್ಟೆ ಬರುತ್ತದೆ. ಸಾಂಪ್ರದಾಯಿಕ ಮನೆಗಳಲ್ಲಿ ಅದು ಮೇಜಿನ ಸುತ್ತ ಒಂದೇ ಸುತ್ತು ಹೋಗುತ್ತದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಿಹಿಯ ನಂತರ ಬರುತ್ತದೆ. ಎರಡೂ ಕಡೆ ಅದು ಊಟದ ಒಂದು ಘಟ್ಟ, ನಮ್ಮ ಬಾಳೆ ಎಲೆಯ ಮೇಲೆ ಕೋಸಂಬರಿಗೊಂದು ಜಾಗ, ಪಲ್ಯಕ್ಕೊಂದು ಜಾಗ ಇದ್ದಂತೆ. ಎಲೆಯ ಮೇಲೆ ನಾಲ್ಕು ಬಗೆಯ ಪಲ್ಯ ಒಂದೇ ರುಚಿಯಲ್ಲಿದ್ದರೆ ಉಂಡವರು ಅದನ್ನು ಹಬ್ಬದೂಟ ಎನ್ನುವುದಿಲ್ಲ. ಚೀಸ್ ಹಲಗೆಯ ಲೆಕ್ಕವೂ ಅದೇ. ಹಲಗೆಯ ಮೇಲೆ ಎಷ್ಟು ಚೀಸ್ ಇದೆ ಎಂಬುದಕ್ಕಿಂತ, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ದೂರ ಇದೆ ಎಂಬುದೇ ಮುಖ್ಯ ಎನ್ನುವುದು ಈ ಲೇಖನದ ವಾದ.

ಆ ದೂರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಚೀಸ್ ಹೇಗೆ ಆಗುತ್ತದೆ ಎಂಬುದನ್ನು ನೋಡಬೇಕು. ನಮ್ಮ ನಿಘಂಟುಗಳು ಚೀಸ್ ಎಂಬ ಪದಕ್ಕೆ ಗಿಣ್ಣು ಎಂದು ಅರ್ಥ ಕೊಡುವುದುಂಟು. ಕರು ಹಾಕಿದ ಹಸುವಿನ ಮೊದಲ ಹಾಲನ್ನು ಕಾಯಿಸಿ ಗಟ್ಟಿ ಮಾಡಿ, ಬೆಲ್ಲ ಏಲಕ್ಕಿ ಹಾಕಿ ಆಗಲೇ ತಿನ್ನುವ ಗಿಣ್ಣಿಗೂ ಚೀಸಿಗೂ ನಂಟು ದೂರದ್ದು. ಹೋಲಿಕೆ ಬೇಕೇ ಬೇಕೆಂದರೆ ಮಿಡಿ ಉಪ್ಪಿನಕಾಯಿ ಹೆಚ್ಚು ಹತ್ತಿರ: ಉಪ್ಪು ನೀರನ್ನು ಎಳೆಯುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಹುಳಿ ತರುತ್ತವೆ, ತಿಂಗಳುಗಳು ಕಳೆದಂತೆ ರುಚಿ ಮಾಗುತ್ತದೆ. ಚೀಸಿನಲ್ಲಿ ಹಾಲಿಗೆ ಮೊದಲು ಬ್ಯಾಕ್ಟೀರಿಯಾ ಸೇರಿಸಿ ಸ್ವಲ್ಪ ಹುಳಿ ಬರಿಸುತ್ತಾರೆ, ಆಮೇಲೆ ರೆನೆಟ್ ಎಂಬ ಕಿಣ್ವ ಹಾಕಿ ಗಟ್ಟಿಗೊಳಿಸುತ್ತಾರೆ, ಗಟ್ಟಿಯಾದದ್ದನ್ನು ಕತ್ತರಿಸಿ ನೀರು ಬಸಿಯುತ್ತಾರೆ. ಇಲ್ಲಿಂದ ಮುಂದೆ ದಾರಿಗಳು ಕವಲೊಡೆಯುತ್ತವೆ. ನೀರನ್ನು ಎಷ್ಟು ಹಿಂಡಿದರು, ಎಷ್ಟು ಕಾಲ ಮಾಗಿಸಿದರು, ಬೂಷ್ಟು ಬೆಳೆಯಲು ಬಿಟ್ಟರೋ ಇಲ್ಲವೋ, ಬಿಟ್ಟರೆ ಹೊರಗೋ ಒಳಗೋ, ಹಾಲು ಹಸುವಿನದೋ ಆಡಿನದೋ ಕುರಿಯದೋ ಎಂಬ ಕೆಲವೇ ತೀರ್ಮಾನಗಳಿಂದ ನೂರಾರು ಚೀಸ್‌ಗಳು ಹುಟ್ಟಿವೆ. ಅಂಗಡಿಯಲ್ಲಿ ಹೆಸರುಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಹಲಗೆಗೆ ಬೇಕಾದ್ದು ಈ ಕವಲುಗಳಲ್ಲಿ ಒಂದಕ್ಕೊಂದು ಆದಷ್ಟು ದೂರ ನಿಂತಿರುವ ಮೂರು: ನೀರು ಕಡಿಮೆ ಇದ್ದು ಬಹುಕಾಲ ಮಾಗಿದ ಗಟ್ಟಿ ಚೀಸ್ ಒಂದು, ಮೇಲೆ ಬಿಳಿ ಬೂಷ್ಟು ಹೊದ್ದ ಮೆತ್ತನೆಯದೊಂದು, ಒಡಲೊಳಗೆ ನೀಲಿ ಬೂಷ್ಟು ಹರಿದದ್ದೊಂದು.

ಮೊದಲನೆಯದು ಎಲ್ಲರಿಗೂ ಹಿಡಿಸುವ ಚೀಸ್, ಆದ್ದರಿಂದ ಅದರ ತುಂಡು ಎಲ್ಲಕ್ಕಿಂತ ದೊಡ್ಡದಿರಲಿ. ಫ್ರಾನ್ಸಿನ ಜೂರಾ ಬೆಟ್ಟಗಳ ಕೊಂತೆ ಇದರ ಒಳ್ಳೆಯ ಉದಾಹರಣೆ. ಸುಮಾರು 40 ಕಿಲೋ ತೂಗುವ ಅದರ ಒಂದು ಚಕ್ರಕ್ಕೆ ಸುಮಾರು 400 ಲೀಟರ್ ಹಾಲು ಬೇಕು. ನಿಯಮದ ಪ್ರಕಾರ ಕನಿಷ್ಠ ನಾಲ್ಕು ತಿಂಗಳು ಮಾಗಬೇಕು, ಒಂದು ವರ್ಷ, ಒಂದೂವರೆ ವರ್ಷ ಮಾಗಿದ್ದೂ ಸಿಗುತ್ತದೆ. ಮಾಗುವಾಗ ಹಾಲಿನ ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗುತ್ತದೆ. ಬೇಯಿಸಿದ ಸಾರಿನಂಥ, ಹುರಿದ ಬೀಜದಂಥ ಆಳವಾದ ರುಚಿ ಬರುವುದು ಅದರಿಂದಲೇ. ಚೆನ್ನಾಗಿ ಮಾಗಿದ ಗೌಡಾದಲ್ಲೋ ಪಾರ್ಮೆಸಾನಿನಲ್ಲೋ ಹಲ್ಲಿಗೆ ಕರಕ್ಕೆನ್ನುವ ಬಿಳಿ ಚುಕ್ಕೆಗಳು ಉಪ್ಪಿನ ಹರಳೆಂದು ಹಲವರು ತಿಳಿಯುತ್ತಾರೆ. ಅವು ಬಹುಮಟ್ಟಿಗೆ ಟೈರೊಸಿನ್ ಎಂಬ ಅಮೈನೋ ಆಮ್ಲದ ಹರಳುಗಳು, ಚೀಸ್ ಸಾವಕಾಶವಾಗಿ ಮಾಗಿದೆ ಎಂಬುದರ ಗುರುತು. ಕೊಂತೆ ಸಿಗದಿದ್ದರೆ ನೆದರ್‌ಲ್ಯಾಂಡ್ಸಿನ ಹಳೆಯ ಗೌಡಾ ಅದರ ಜಾಗವನ್ನು ಧಾರಾಳವಾಗಿ ತುಂಬುತ್ತದೆ. ಗೌಡಾ ಮಾಡುವಾಗ ಬಸಿದ ನೀರಿನ ಒಂದು ಭಾಗವನ್ನು ತೆಗೆದು ಬಿಸಿನೀರು ಸೇರಿಸಿ ತೊಳೆಯುತ್ತಾರೆ. ಹಾಲಿನ ಸಕ್ಕರೆ ಅದರೊಂದಿಗೆ ಹೊರಟುಹೋಗುವುದರಿಂದ ಹುಳಿಯಾಗಲು ಸರಕು ಕಡಿಮೆಯಾಗಿ ಚೀಸಿಗೆ ಸೌಮ್ಯವಾದ ಸಿಹಿ ಉಳಿಯುತ್ತದೆ. ಚೀಸ್ ಎಂದರೆ ಹಿಂದೆ ಸರಿಯುವ ಹಿರಿಯರಿಗೆ ಮೊದಲು ಕೊಡಬೇಕಾದ್ದು ಇದನ್ನೇ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಇಲ್ಲೊಂದು ಸಮಾಧಾನವಿದೆ: ಬಹುಕಾಲ ಮಾಗಿದ ಗಟ್ಟಿ ಚೀಸಿನಲ್ಲಿ ಲ್ಯಾಕ್ಟೋಸ್ ಉಳಿದಿರುವುದು ತೀರಾ ಅತ್ಯಲ್ಪ.

ಎರಡನೆಯದರಲ್ಲಿ ಮೋಸ ಹೋಗುವ ಸಾಧ್ಯತೆ ಹೆಚ್ಚು. ಬ್ರೀ, ಕಾಮಂಬೇರ್ ಮೊದಲಾದವುಗಳ ಬಿಳಿ ಹೊದಿಕೆ ಒಂದು ಜೀವಂತ ಬೂಷ್ಟು. ಅದು ಹೊರಗಿನಿಂದ ಒಳಕ್ಕೆ ಕೆಲಸ ಮಾಡುತ್ತ ಬರುತ್ತದೆ. ಹುಳಿಯನ್ನು ತಿಂದು, ಪ್ರೋಟೀನನ್ನು ಒಡೆದು, ಸುಣ್ಣದ ಕಡ್ಡಿಯಂತಿದ್ದ ತಿರುಳನ್ನು ಮೆಲ್ಲಗೆ ಕೆನೆಯಾಗಿಸುತ್ತದೆ. ಹೀಗಾಗಿ ಎಳೆಯ ಬ್ರೀಯ ಅಂಚು ಮೆತ್ತಗಿದ್ದು ನಡುವೆ ಬಿಳಿಯ ಗಟ್ಟಿ ಪಟ್ಟೆ ಉಳಿದಿರುತ್ತದೆ. ಪಟ್ಟೆ ಪೂರ್ತಿ ಕರಗಿದ ಆಸುಪಾಸಿನ ದಿನಗಳೇ ಅದರ ಉತ್ತಮ ಗಳಿಗೆ, ಅದು ದಾಟಿದರೆ ಅಮೋನಿಯಾದ ಕಟು ವಾಸನೆ ಮೂಗಿಗೆ ಹೊಡೆಯುತ್ತದೆ. ಮಾವಿನ ಹಣ್ಣನ್ನು ಮೂಗಿಗೆ ಹಿಡಿದು, ತೊಟ್ಟಿನ ಹತ್ತಿರ ಒತ್ತಿ ನೋಡಿ ಕೊಳ್ಳುವ ನಮಗೆ ಈ ಪರೀಕ್ಷೆ ಹೊಸದೇನಲ್ಲ: ಪೊಟ್ಟಣದ ನಡುಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅಂಚಿನಷ್ಟೇ ಮೃದುವಾಗಿ ಬಗ್ಗಿದರೆ ಅಂದೇ ಬಡಿಸಬಹುದು, ಗಟ್ಟಿಯಿದ್ದರೆ ಇನ್ನೂ ಕೆಲವು ದಿನ ಬೇಕು. ದೂರದೇಶದಿಂದ ಬಂದ ಬ್ರೀ ದಾರಿಯಲ್ಲೇ ತನ್ನ ಒಳ್ಳೆಯ ದಿನಗಳನ್ನು ಕಳೆದಿರುವುದುಂಟು. ಆದ್ದರಿಂದ ಈ ಬಗೆಯಲ್ಲಿ ಹೆಸರಾಂತ ಆಮದಿಗಿಂತ ಹತ್ತಿರದಲ್ಲಿ ತಯಾರಾದದ್ದೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಳಿ ಹೊದಿಕೆಯನ್ನು ತಿನ್ನಬೇಕೋ ಸುಲಿಯಬೇಕೋ ಎಂದು ಅತಿಥಿಗಳು ಕೇಳಿಯೇ ಕೇಳುತ್ತಾರೆ. ತಿನ್ನಬಹುದು. ಗೌಡಾ, ಎಡಾಮ್‌ಗಳ ಹೊರಗಿನ ಮೇಣವನ್ನು ಮಾತ್ರ ತಿನ್ನುವಂತಿಲ್ಲ.

ಮೂರನೆಯದು ನೀಲಿ ಚೀಸ್. ಇಲ್ಲೂ ಬೂಷ್ಟೇ, ಆದರೆ ಒಳಗೆ. ಗಾಳಿಯಿಲ್ಲದೆ ಬೂಷ್ಟು ಬೆಳೆಯಲಾರದು. ಅದಕ್ಕಾಗಿ ಚೀಸಿನ ಗುಂಡಿಗೆ ಉದ್ದನೆಯ ಸೂಜಿಗಳಿಂದ ಚುಚ್ಚಿ ದಾರಿ ಮಾಡುತ್ತಾರೆ. ಸ್ಟಿಲ್ಟನ್ನಿನ ಒಂದು ಹೋಳನ್ನು ಗಮನಿಸಿದರೆ ನೀಲಿ ಗೆರೆಗಳು ಕೆಲವೆಡೆ ನೇರವಾಗಿ ಓಡುವುದು ಕಾಣುತ್ತದೆ, ಅದು ಸೂಜಿ ಹೋದ ಹಾದಿ. ಫ್ರಾನ್ಸಿನ ರೋಕ್ಫೋರ್ ಕುರಿಹಾಲಿನದು. ಅದು ರೋಕ್ಫೋರ್-ಸ್ಯುರ್-ಸೂಲ್ಜೋನ್ ಎಂಬ ಹಳ್ಳಿಯ ಕಂಬಾಲು ಬೆಟ್ಟದ ಗವಿಗಳಲ್ಲೇ ಮಾಗಬೇಕು. ಬಂಡೆಗಳ ಬಿರುಕುಗಳಿಂದ ಬೀಸುವ ತಂಪು ತೇವದ ಗಾಳಿಯೇ ಅಲ್ಲಿನ ಹವಾನಿಯಂತ್ರಣ. 1925ರಲ್ಲಿ ಫ್ರಾನ್ಸ್ ಕಾನೂನಿನ ಮೂಲಕ ಮೂಲಸ್ಥಾನದ ರಕ್ಷಣೆ ಕೊಟ್ಟ ಮೊದಲ ಚೀಸ್ ಅದು. ಇಂಗ್ಲೆಂಡಿನ ಸ್ಟಿಲ್ಟನ್ನಿಗೂ ಇಂಥದೇ ಕಟ್ಟುಪಾಡಿದೆ: ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಎಂಬ ಮೂರು ಜಿಲ್ಲೆಗಳಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಸ್ಟಿಲ್ಟನ್ ಎಂಬ ಊರು ಈ ಮೂರರಲ್ಲಿ ಯಾವುದಕ್ಕೂ ಸೇರಿಲ್ಲವಾದ್ದರಿಂದ ಆ ಊರಲ್ಲೇ ಸ್ಟಿಲ್ಟನ್ ಮಾಡುವಂತಿಲ್ಲ. ನೀಲಿ ಚೀಸ್ ಉಪ್ಪುಪ್ಪಾಗಿ, ಕಟುವಾಗಿ, ಮೊದಲ ಸಲ ತಿನ್ನುವವರನ್ನು ಬೆಚ್ಚಿಬೀಳಿಸುವಂತಿರುತ್ತದೆ. ಹಾಗಾದರೆ ಬಿಟ್ಟುಬಿಡೋಣವೇ? ಬೇಡ. ಹಲಗೆಗೆ ಎತ್ತರ ಕೊಡುವುದು ಅದೇ. ಅದಿಲ್ಲದಿದ್ದರೆ ಉಳಿದೆರಡರ ಸೌಮ್ಯ ಗುಣ ನಾಲಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ತುಂಡು ಚಿಕ್ಕದಿರಲಿ, ತುಸು ದೂರದಲ್ಲಿರಲಿ, ಪಕ್ಕದಲ್ಲೊಂದು ಸಿಹಿ ಇರಲಿ. ಇಟಲಿಯಲ್ಲಿ ಗೊರ್ಗೊಂಜೋಲಾದ ಮೇಲೆ ಜೇನು ಸುರಿಯುತ್ತಾರೆ. ನಮ್ಮ ಮಲೆನಾಡಿನ ಜೋನಿ ಬೆಲ್ಲ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ, ಏಕೆಂದರೆ ಉಪ್ಪಿನ ಕಟುವನ್ನು ತಗ್ಗಿಸುವುದರ ಜೊತೆಗೆ ಕಬ್ಬಿನ ಸುಟ್ಟ ಸಿಹಿಯ ವಾಸನೆಯನ್ನೂ ಅದು ತರುತ್ತದೆ.

ಮೂರೇ ಇಟ್ಟರೆ ಜಿಪುಣತನ ಎಂದಾಗದೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಬಂದವರಿಗೆ ಧಾರಾಳವಾಗಿ ಬಡಿಸಬೇಕೆಂಬುದು ನಮ್ಮಲ್ಲಿ ಆಳವಾಗಿ ಬೇರೂರಿದ ಭಾವನೆ, ಅದು ಒಳ್ಳೆಯದೂ ಹೌದು. ಆದರೆ ಧಾರಾಳವನ್ನು ತೂಕದಲ್ಲಿ ತೋರಿಸುವುದಕ್ಕೂ ಬಗೆಗಳಲ್ಲಿ ತೋರಿಸುವುದಕ್ಕೂ ವ್ಯತ್ಯಾಸವಿದೆ. ಊಟಕ್ಕೆ ಮುನ್ನ ಇಡುವುದಾದರೆ ತಲೆಗೆ 50 ಗ್ರಾಂ, ಊಟವಾದ ಮೇಲಾದರೆ 30ರಿಂದ 40 ಗ್ರಾಂ, ಅದೇ ರಾತ್ರಿಯ ಊಟವಾದರೆ 120 ಗ್ರಾಂ ಹಿಡಿಯಬಹುದು. ಎಂಟು ಜನರಿಗೆ ಊಟಕ್ಕೆ ಮುನ್ನ ಬೇಕಾದ 400 ಗ್ರಾಮನ್ನು ಮೂರಾಗಿ ಹಂಚಿದರೆ ಗಟ್ಟಿ ಚೀಸಿನ 170 ಗ್ರಾಂ ತುಂಡು, ಮೆತ್ತನೆಯದು 150 ಗ್ರಾಂ, ನೀಲಿಯದು 80 ಗ್ರಾಂ. ಇವು ಕಣ್ಣಿಗೂ ತುಂಡುಗಳಾಗಿಯೇ ಕಾಣುತ್ತವೆ, ತಮ್ಮ ಆಕಾರ ತೋರಿಸುತ್ತವೆ. ಅದೇ ತೂಕವನ್ನು ಹತ್ತು ಬಗೆಗೆ ಹಂಚಿದರೆ ಒಂದೊಂದೂ ನಲವತ್ತು ಗ್ರಾಮಿನ ಚೂರು. ಚೂರು ಚಿಕ್ಕದಾದಷ್ಟೂ ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚಿ ಅಂಚುಗಳು ಬೇಗ ಒಣಗುತ್ತವೆ. ಮೇಲಾಗಿ ಹತ್ತರಲ್ಲಿ ನಾಲ್ಕೈದು ಒಂದೇ ಮನೆತನದವೇ ಆಗಿರುತ್ತವೆ. ಚೆಡ್ಡಾರ್, ರೆಡ್ ಲೆಸ್ಟರ್, ಕಾಲ್ಬಿ ಮೂರನ್ನೂ ಸಾಲಾಗಿ ಇಟ್ಟರೆ ಬಣ್ಣ ಬೇರೆ ಕಂಡರೂ ನಾಲಗೆಗೆ ಅವು ಅಣ್ಣತಮ್ಮಂದಿರು. ಮೂಗು ಕೂಡ ಬೇಗ ದಣಿಯುತ್ತದೆ: ಗಂಧದ ಅಂಗಡಿಯಲ್ಲಿ ಹತ್ತು ನಿಮಿಷ ನಿಂತವನಿಗೆ ಗಂಧ ತಿಳಿಯದಂತೆ, ಆರನೆಯ ಏಳನೆಯ ಚೀಸಿನ ಹೊತ್ತಿಗೆ ಸೂಕ್ಷ್ಮಗಳು ತಪ್ಪಿಹೋಗುತ್ತವೆ. ಇಪ್ಪತ್ತು ಜನ ಬರುವುದಾದರೂ ಬಗೆಗಳನ್ನು ಹೆಚ್ಚಿಸದೆ ತೂಕ ಹೆಚ್ಚಿಸಿ. ನಾಲ್ಕನೆಯದು ಬೇಕೇ ಬೇಕೆನಿಸಿದರೆ ಆಡಿನ ಹಾಲಿನ ತಾಜಾ ಚೀಸ್ ಇಡಿ, ಅದರ ನಿಂಬೆಯಂಥ ಹುಳಿ ಉಳಿದ ಮೂರರಲ್ಲೂ ಇಲ್ಲ.

ಹಣಕ್ಕಿಂತ ಹೆಚ್ಚು ಫಲ ಕೊಡುವ ಇನ್ನೊಂದು ಸಂಗತಿ ಉಷ್ಣತೆ, ಮತ್ತು ಹಲಗೆಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಫ್ರಿಜ್ಜಿನ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಲಿನ ಕೊಬ್ಬು ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಪರಿಮಳದ ಅಣುಗಳು ಆ ಕೊಬ್ಬಿನಲ್ಲೇ ಸಿಕ್ಕಿಕೊಂಡು ಮೂಗಿನವರೆಗೆ ಬರುವುದಿಲ್ಲ, ಬ್ರೀ ರಬ್ಬರಿನಂತೆ ಬಗ್ಗುತ್ತದೆ. ನಾಲಗೆಯ ಕಡೆಯಿಂದಲೂ ಇದಕ್ಕೆ ಕಾರಣವಿದೆ. ಸಿಹಿ, ಕಹಿ, ಮಾಂಸರಸದಂಥ ಆಳದ ರುಚಿ ಇವನ್ನು ಮಿದುಳಿಗೆ ತಲುಪಿಸುವ ಟಿಆರ್‌ಪಿಎಂ5 ಎಂಬ ಜೀವಕೋಶದ ಬಾಗಿಲು 15ರಿಂದ 35 ಡಿಗ್ರಿಯ ನಡುವೆ ಬಿಸಿ ಏರಿದಷ್ಟೂ ಹೆಚ್ಚು ತೆರೆದುಕೊಳ್ಳುತ್ತದೆ ಎಂದು 2005ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ತೋರಿಸಿಕೊಟ್ಟಿತು. ಅಂದರೆ ದುಬಾರಿ ಚೀಸನ್ನು ತಣ್ಣಗೆ ಬಡಿಸಿದವರು ಕೊಟ್ಟ ಬೆಲೆಯ ಒಂದು ಪಾಲನ್ನು ಫ್ರಿಜ್ಜಿನಲ್ಲೇ ಬಿಟ್ಟು ಬಂದಂತೆ. ಯುರೋಪಿನ ಪುಸ್ತಕಗಳು ಒಂದು ಗಂಟೆ ಮೊದಲು ಹೊರಗಿಡಿ ಎನ್ನುತ್ತವೆ. ಆ ಮಾತನ್ನು ಹಾಗೇ ತಂದು ಇಲ್ಲಿ ಅನ್ವಯಿಸಬಾರದು. ಅವರ ಕೋಣೆಯ ಉಷ್ಣತೆ 20 ಡಿಗ್ರಿಯ ಸುತ್ತ ಇರುತ್ತದೆ. ಬೆಂಗಳೂರಿನ ಅಥವಾ ಮೈಸೂರಿನ ಸಂಜೆಯಲ್ಲಿ ಗಟ್ಟಿ ಚೀಸಿಗೆ ನಲವತ್ತು ನಿಮಿಷ, ಮೆತ್ತನೆಯದಕ್ಕೆ ಅರ್ಧ ಗಂಟೆ ಸಾಕು. ಕಲಬುರಗಿಯ ಬೇಸಿಗೆಯಲ್ಲೋ ಮಂಗಳೂರಿನ ಸೆಕೆಯಲ್ಲೋ ಹದಿನೈದು ಇಪ್ಪತ್ತು ನಿಮಿಷಕ್ಕೇ ಕೊಬ್ಬು ಬೆವರಿನಂತೆ ಒಸರತೊಡಗುತ್ತದೆ. ಅಲ್ಲಿ ಅರ್ಧವನ್ನು ಮೊದಲು ಇಟ್ಟು, ಅದು ಮುಗಿಯುತ್ತ ಬಂದಾಗ ಉಳಿದರ್ಧವನ್ನು ತರುವುದೇ ಸರಿಯಾದ ಕ್ರಮ. ಎಲ್ಲಿದ್ದರೂ ಎರಡು ಗಂಟೆ ದಾಟಿ ಹೊರಗಿಡಬಾರದು, ಉಷ್ಣತೆ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ಬೇಗ ಕೆಡುವ ಆಹಾರಗಳಿಗೆಲ್ಲ ಅಮೆರಿಕದ ಕೃಷಿ ಇಲಾಖೆ ಹೇಳುವ ಈ ಲೆಕ್ಕ ನಮ್ಮ ಹವೆಗೆ ಇನ್ನೂ ಹೆಚ್ಚು ಹೊಂದುತ್ತದೆ.

ಕನ್ನಡದ ಮನೆಗಳಲ್ಲಿ ಏಳುವ ದೊಡ್ಡ ಪ್ರಶ್ನೆ ಇವೆಲ್ಲಕ್ಕಿಂತ ಬೇರೆಯದು: ಇದು ಸಸ್ಯಾಹಾರವೇ? ಉತ್ತರ ಚೀಸಿನಿಂದ ಚೀಸಿಗೆ ಬೇರೆ. ಸಾಂಪ್ರದಾಯಿಕ ರೆನೆಟ್ ಬರುವುದು ಇನ್ನೂ ಹಾಲು ಕುಡಿಯುತ್ತಿರುವ ಕರುವಿನ ಹೊಟ್ಟೆಯ ನಾಲ್ಕನೆಯ ಚೀಲದಿಂದ, ಕರುವನ್ನು ಕೊಂದ ಮೇಲೆ. ಪಾರ್ಮಿಜಾನೊ ರೆಜಾನೊ, ರೋಕ್ಫೋರ್, ಕೊಂತೆ, ಗ್ರುಯೇರ್ ಇವುಗಳಿಗೆ ಪ್ರಾಣಿಜನ್ಯ ರೆನೆಟ್ಟನ್ನೇ ಬಳಸುವುದು ಕ್ರಮ. ಹಾಗಾಗಿ ಮೇಲೆ ಹೊಗಳಿದ ಕೊಂತೆ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಸಲ್ಲದು. ಗ್ರಾನಾ ಪದಾನೊದಲ್ಲಿ ಇನ್ನೊಂದು ತೊಡಕಿದೆ, ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೊಜೈಮ್ ಇರುತ್ತದೆ. ಇದನ್ನು ತಿಳಿದೂ ಅತಿಥಿಗಳಿಗೆ ಹೇಳದೆ ಬಡಿಸುವುದು ನಂಬಿಕೆದ್ರೋಹ. ಅದರಿಂದ ಹಲಗೆಯ ಆಸೆಯನ್ನೇ ಬಿಡಬೇಕಾಗಿಲ್ಲ, ದಾರಿಗಳು ಹಲವಿವೆ. ಶಿಲೀಂಧ್ರಗಳಿಂದ ತೆಗೆದ ಮೈಕ್ರೋಬಿಯಲ್ ರೆನೆಟ್ ಬಹಳ ಕಾಲದಿಂದ ಬಳಕೆಯಲ್ಲಿದೆ. ಕರುವಿನ ಕಿಣ್ವದ ವಂಶವಾಹಿಯನ್ನು ಸೂಕ್ಷ್ಮಜೀವಿಗಳಿಗೆ ಸೇರಿಸಿ, ಅವುಗಳಿಂದಲೇ ಅದೇ ಕಿಣ್ವವನ್ನು ಪಡೆಯುವ ವಿಧಾನಕ್ಕೆ ಅಮೆರಿಕ 1990ರಲ್ಲಿ ಒಪ್ಪಿಗೆ ಕೊಟ್ಟಿತು. ಪೋರ್ಚುಗಲ್ಲಿನ ಸೆರಾ ದ ಎಸ್ತ್ರೆಲಾ ಎಂಬ ಕುರಿಹಾಲಿನ ಚೀಸನ್ನಂತೂ ಒಂದು ಜಾತಿಯ ಮುಳ್ಳುಗಿಡದ ಒಣ ಹೂವಿನ ರಸದಿಂದಲೇ ಗಟ್ಟಿಗೊಳಿಸುತ್ತಾರೆ. ಸ್ಟಿಲ್ಟನ್, ಚೆಡ್ಡಾರ್ ಮಾಡುವವರಲ್ಲಿ ಪ್ರಾಣಿಜನ್ಯವಲ್ಲದ ರೆನೆಟ್ ಬಳಸುವವರಿದ್ದಾರೆ. ಭಾರತದಲ್ಲಿ ಪೊಟ್ಟಣದ ಹಸಿರು ಗುರುತು ನೋಡಿದರೆ ಸಂಶಯ ಕಳೆಯುತ್ತದೆ. ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ಕನ್ನಡಿಗರಿಗೆ ಆ ಅನುಕೂಲವಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಬರೀ ಎನ್‌ಜೈಮ್ಸ್ ಎಂದಿದ್ದರೆ ಅದು ಯಾವ ಮೂಲದ್ದೆಂದು ಹೇಳಲಾಗದು, ಮೈಕ್ರೋಬಿಯಲ್ ಎಂದೋ ವೆಜಿಟೇರಿಯನ್ ಎಂದೋ ಸ್ಪಷ್ಟವಾಗಿ ಬರೆದದ್ದನ್ನೇ ಆರಿಸಬೇಕು.

ನಮ್ಮಲ್ಲಿ ಬಹುಪಾಲು ಮನೆಗಳಿಗೆ ಚೀಸ್ ಎಂದರೆ ಡಬ್ಬಿಯ ಅಥವಾ ಘನಾಕೃತಿಯ ಪ್ರೊಸೆಸ್ಡ್ ಚೀಸ್. ಅದನ್ನೇ ಹಲಗೆಯ ಮೇಲಿಟ್ಟರೆ ಏನು ಕೊರತೆ ಎಂಬ ಪ್ರಶ್ನೆ ನ್ಯಾಯವಾದದ್ದು. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದಲ್ಲಿ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಇದನ್ನು ರೂಪಿಸಿದ್ದು ಬೇಗ ಕೆಡದ ಚೀಸ್ ಬೇಕೆಂದು. ಚೀಸನ್ನು ಸಿಟ್ರೇಟಿನಂಥ ಲವಣದ ಜೊತೆ ಕರಗಿಸಿದರೆ ಕೊಬ್ಬೂ ನೀರೂ ಬೇರ್ಪಡದೆ ಒಂದೇ ಹದವಾಗಿ ನಿಲ್ಲುತ್ತದೆ, ಬಿಸಿಯಲ್ಲಿ ಜೀವಾಣುಗಳು ಸತ್ತು ಮಾಗುವುದೂ ನಿಲ್ಲುತ್ತದೆ. ದೋಸೆಗೆ, ಟೋಸ್ಟಿಗೆ ಇದು ಬಹಳ ಒಳ್ಳೆಯದು. ಆದರೆ ಎಲ್ಲೆಡೆ ಎಂದೆಂದಿಗೂ ಒಂದೇ ರುಚಿ ಇರಲೆಂದೇ ಮಾಡಿದ ಪದಾರ್ಥ ಅದು, ಹಲಗೆ ಇರುವುದೋ ರುಚಿಗಳ ವ್ಯತ್ಯಾಸ ತೋರಿಸಲು. ಆಮದಿನ ಚೀಸಿಗೆ ದುಡ್ಡು ಸುರಿಯಬೇಕಾದ ಕಾಲವೂ ಈಗಿಲ್ಲ. ಬೆಂಗಳೂರಿನಲ್ಲೇ ಇಟಲಿ ಮೂಲದ ವಲ್ಲೊಂಬ್ರೋಸಾ ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳು ಮೊಜರೆಲ್ಲಾ, ಬುರಾಟಾಗಳನ್ನು ಮಾಡುತ್ತಾರೆ. ಬೇಗಂ ವಿಕ್ಟೋರಿಯಾ ಎಂಬ ಹೆಸರಿನಲ್ಲಿ ಬ್ರೀ ಬಗೆಯ ಚೀಸ್ ತಯಾರಾಗುತ್ತದೆ. ಆರೋವಿಲ್, ಕೊಡೈಕೆನಾಲ್‌ಗಳಲ್ಲಿ ಹಳೆಯ ತಯಾರಕರಿದ್ದಾರೆ. ಬಂಗಾಳದ ಬಂಡೆಲ್ ಎಂಬ ಉಪ್ಪುಪ್ಪಾದ, ಹೊಗೆಯಾಡಿಸಿದ ಪುಟ್ಟ ಬಿಲ್ಲೆಗಳು, ಜಮ್ಮುವಿನ ಕಲಾರಿ ನಮ್ಮ ದೇಶದ್ದೇ ಹಳೆಯ ಚೀಸ್‌ಗಳು. ಕಲಾರಿಯನ್ನು ಕಾವಲಿಯ ಮೇಲೆ ಕೆಂಪಗೆ ಸುಟ್ಟು ಬಿಸಿಯಾಗಿ ಹಲಗೆಗೆ ತಂದರೆ ಅತಿಥಿಗಳು ಬೇಗ ಮರೆಯುವುದಿಲ್ಲ.

ಜೊತೆಗೆ ಏನಿಡಬೇಕು ಎಂಬುದರಲ್ಲಿ ಸಂಯಮವೇ ಸೂತ್ರ: ಗರಿಗರಿಯಾದದ್ದೊಂದು, ಸಿಹಿಯಾದದ್ದೊಂದು, ಹುಳಿಯಾದದ್ದೊಂದು. ಬ್ರೆಡ್ಡು ಸಪ್ಪೆಯಿದ್ದಷ್ಟೂ ಒಳ್ಳೆಯದು. ಬೆಳ್ಳುಳ್ಳಿ, ಮಸಾಲೆ ಹಾಕಿದ ಬಿಸ್ಕತ್ತು ಚೀಸಿನ ಮಾತನ್ನು ಕೇಳಗೊಡುವುದಿಲ್ಲ. ಸ್ಪೇನಿನವರು ಮಾಂಚೆಗೊ ಚೀಸಿನ ಜೊತೆ ಕ್ವಿನ್ಸ್ ಹಣ್ಣಿನ ಗಟ್ಟಿ ಹಲ್ವ ಇಡುತ್ತಾರೆ. ಬ್ರೆಜಿಲ್ಲಿನವರು ಅದೇ ಜಾಗದಲ್ಲಿ ಸೀಬೆಹಣ್ಣಿನ ಹಲ್ವವನ್ನು ತಾಜಾ ಚೀಸಿನ ಮೇಲಿಟ್ಟು, ಆ ಜೋಡಿಗೆ ರೋಮಿಯೋ ಜೂಲಿಯೆಟ್ ಎಂದೇ ಹೆಸರಿಟ್ಟಿದ್ದಾರೆ. ಸೀಬೆ ನಮ್ಮ ಹಿತ್ತಲಿನದೇ. ಗೋವೆಯವರ ಪೆರಾಡ್ ಎಂಬ ಸೀಬೆಯ ಸಿಹಿ ಇದೇ ಕುಲದ್ದು, ಅದನ್ನು ತೆಳುವಾಗಿ ಕೊಯ್ದು ಹಳೆಯ ಗೌಡಾದ ಜೊತೆ ಇಡಬಹುದು. ವಿಜಯಪುರದ ಒಣದ್ರಾಕ್ಷಿ, ಕೊಡಗಿನ ಜೇನು, ಹುರಿದ ಗೋಡಂಬಿ ಯಾವ ಹಲಗೆಗೂ ಸಲ್ಲುತ್ತವೆ. ಬೆಂಗಳೂರು ನೀಲಿ ದ್ರಾಕ್ಷಿಯ ಹುಳಿಸಿಹಿ ಬ್ರೀಯ ಕೆನೆಗೆ ಸರಿಯಾಗಿ ಎದುರಾಗುತ್ತದೆ. ವೈನ್ ಇಲ್ಲದೆ ಚೀಸ್ ಹಲಗೆ ಅಪೂರ್ಣ ಎಂದು ನಂಬಿರುವವರು ಒಂದು ಪ್ರಯೋಗವನ್ನು ಗಮನಿಸಬೇಕು. 2006ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಪಳಗಿದ ರುಚಿಗಾರರಿಗೆ ಎಂಟು ಬಗೆಯ ಚೀಸ್ ಕೊಟ್ಟು ಕೆಂಪು ವೈನ್‌ಗಳ ರುಚಿ ನೋಡಿಸಿದರು. ಚೀಸ್ ತಿಂದ ಮೇಲೆ ವೈನಿನ ಒಗರು, ಹುಳಿ, ಹಣ್ಣಿನ ಪರಿಮಳ ಬಹುಪಾಲು ಮಂಕಾಗಿಯೇ ಕಂಡವು. ಕುಡಿಯುವವರು ಕುಡಿಯಲಿ, ಆದರೆ ವೈನ್ ಇಲ್ಲವೆಂದು ಯಾವ ಮನೆಯೂ ಹಿಂಜರಿಯಬೇಕಿಲ್ಲ. ಹಾಲು ಹಾಕದ ಬಿಸಿ ಚಹಾ ಬಾಯಲ್ಲಿ ಕೂತ ಕೊಬ್ಬನ್ನು ತೊಳೆದು ಮುಂದಿನ ತುತ್ತಿಗೆ ಅಣಿ ಮಾಡುತ್ತದೆ. ಸಕ್ಕರೆ ಕಡಿಮೆ ಹಾಕಿದ ಪುನರ್ಪುಳಿ ಪಾನಕವೂ ಅಷ್ಟೇ.

ಕೊಯ್ಯುವುದರಲ್ಲೂ ಒಂದು ನ್ಯಾಯವಿದೆ. ತ್ರಿಕೋನದ ಬ್ರೀಯ ಮೂತಿಯಲ್ಲಿ ತಿರುಳು, ಹಿಂಭಾಗದಲ್ಲಿ ಸಿಪ್ಪೆ ಹೆಚ್ಚು. ಮೊದಲು ಬಂದವರು ಮೂತಿಯನ್ನೇ ಕತ್ತರಿಸಿಕೊಂಡರೆ ಕೊನೆಯವರಿಗೆ ಸಿಪ್ಪೆಯೇ ಗತಿ, ಅದಕ್ಕಾಗಿಯೇ ಫ್ರೆಂಚರ ಮೇಜಿನಲ್ಲಿ ಹಾಗೆ ಮಾಡುವುದು ಅಸಭ್ಯತೆ. ಮೂತಿಯಿಂದ ಸಿಪ್ಪೆಯವರೆಗೆ ಉದ್ದುದ್ದ ಸೀಳಿದರೆ ಎಲ್ಲರಿಗೂ ಎರಡೂ ಸಮನಾಗಿ ಸಿಗುತ್ತವೆ. ಅತಿಥಿಗಳಿಗೆ ಇದನ್ನು ಪಾಠ ಮಾಡುವ ಬದಲು ಪ್ರತಿ ತುಂಡಿನಿಂದ ಒಂದೆರಡು ಹೋಳನ್ನು ನೀವೇ ಮೊದಲು ಸರಿಯಾಗಿ ಕೊಯ್ದಿಡಿ, ನೋಡಿದವರು ಅದನ್ನೇ ಅನುಸರಿಸುತ್ತಾರೆ. ಸೌಮ್ಯದಿಂದ ಕಟುವಿಗೆ ಎಡದಿಂದ ಬಲಕ್ಕೆ ಸಾಲಾಗಿಡಿ. ಮೂರಕ್ಕೆ ಮೂರು ಚಾಕು ಬೇಕು; ನೀಲಿ ಚೀಸಿನ ಚಾಕು ಬ್ರೀಗೆ ತಾಗಿದರೆ ಬ್ರೀ ತನ್ನ ರುಚಿ ಕಳೆದುಕೊಂಡಂತೆಯೇ. ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಉಸಿರುಗಟ್ಟಿಸದೆ ಬೆಣ್ಣೆ ಕಾಗದದಲ್ಲಿ ಸುತ್ತಿ, ಡಬ್ಬಿಯೊಳಗೆ ಹಾಕಿ ತರಕಾರಿಯ ಅರೆಯಲ್ಲಿಡಿ. ಗಟ್ಟಿಯದು ವಾರಗಟ್ಟಲೆ ಬಾಳುತ್ತದೆ, ಮೆತ್ತನೆಯದನ್ನು ಎರಡು ಮೂರು ದಿನದಲ್ಲಿ ಮುಗಿಸಬೇಕು.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬ್ರೀ, ಕಾಮಂಬೇರ್, ಮೆತ್ತನೆಯ ನೀಲಿ ಚೀಸ್ ಇವುಗಳಲ್ಲಿ ನೀರೂ ಹೆಚ್ಚು, ಹುಳಿಯೂ ಕಡಿಮೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಅಲ್ಲಿ ಬೆಳೆಯಬಲ್ಲದು. ಚೆನ್ನಾಗಿ ಬೇಯಿಸದ ಹೊರತು ಗರ್ಭಿಣಿಯರು ಇವನ್ನು ತಿನ್ನಬಾರದೆಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹೇಳುತ್ತದೆ. ಪಾಶ್ಚರೀಕರಿಸಿದ ಹಾಲಿನ ಗಟ್ಟಿ ಚೀಸ್ ಅವರಿಗೆ ಅಡ್ಡಿಯಿಲ್ಲ. ಆದ್ದರಿಂದ ಹಲಗೆಯನ್ನು ಒಳಗಿಂದ ತರುವ ಮುನ್ನ ಕೊನೆಯದಾಗಿ ಒಂದು ಕೆಲಸ ಮಾಡಿ: ಪ್ರತಿ ತುಂಡಿನ ಎದುರು ಚಿಕ್ಕ ಚೀಟಿಯಲ್ಲಿ ಚೀಸಿನ ಹೆಸರು, ಯಾವ ಹಾಲು, ಯಾವ ರೆನೆಟ್ ಎಂದು ಬರೆದಿಡಿ. ಸಸ್ಯಾಹಾರಿಯಾಗಲಿ, ಬಸುರಿಯಾಗಲಿ, ನೀಲಿ ಬಣ್ಣ ಕಂಡು ಹೆದರುವ ಅಜ್ಜಿಯಾಗಲಿ, ಯಾರೂ ಎಲ್ಲರೆದುರು ಕೇಳಿ ಮುಜುಗರಪಡದೆ ತಮಗೆ ಬೇಕಾದ್ದನ್ನು ತಾವೇ ತೆಗೆದುಕೊಳ್ಳಲಿ.